ತ್ರಾಸಿಲ್ಲ ಅಂದ್ರೆ ಕಿಡ್ನಿ ಸರಿ ಇದೆ ಅಂತಲ್ಲ

ಇವತ್ತು ಬೆಳಿಗ್ಗೆ ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಲ್ಯಾಬ್‌ನಲ್ಲಿ ನಮ್ಮ ಓಣಿಯ ಕಾಕಾ ಸಿಕ್ಕರು. ಶುಗರ್ ಬಂದು ವರ್ಷಗಳೇ ಆಗಿವೆ. ಮೂತ್ರದಲ್ಲಿ ಅಲ್ಬುಮಿನ್ (ಕಿಡ್ನಿ ಹಾಳಾಗತೊಡಗಿದರೆ ಸೋರುವ ರಕ್ತದ ಪ್ರೋಟೀನ್) ನೋಡಿಸಿದ್ದೀರಾ ಅಂತ ಕೇಳಿದೆ. "ಯಾಕ ತಂಗಿ? ಅನ್ನ ಬಿಟ್ಟು ಜೋಳದ ರೊಟ್ಟಿ ತಿಂತೀನಿ. ಕಿಡ್ನಿದು ರಕ್ತದ ಟೆಸ್ಟ್, ಕ್ರಿಯಾಟಿನಿನ್, ನಾರ್ಮಲ್ ಬಂದದ. ಒಂದೂ ತ್ರಾಸಿಲ್ಲ."

ಮೈ ಉರಿಯಿತು. ಕಾಕಾನ ಮೇಲಲ್ಲ. ಇಷ್ಟು ವರ್ಷ ಅವರಿಗೆ ಮಾತ್ರೆ ಬರೆದುಕೊಟ್ಟವರು ಒಬ್ಬರೂ ಈ ಮೂತ್ರದ ಟೆಸ್ಟಿನ ಮಾತು ಹೇಳಿಲ್ಲವಲ್ಲ!

ಎಂ.ಫಾರ್ಮ್ (ಔಷಧ ವಿಜ್ಞಾನ) ಓದುವಾಗ ನಾನು ಪ್ರಯೋಗಕ್ಕೆ ಶುಗರ್ ಬರಿಸಿದ ಇಲಿಗಳ ಜೊತೆಗೇ ಇದ್ದೆ. ಸ್ಟ್ರೆಪ್ಟೊಜೊಟೊಸಿನ್ ಅನ್ನೋ ರಾಸಾಯನಿಕ ಚುಚ್ಚಿದರೆ ಇನ್ಸುಲಿನ್ ಮಾಡುವ ಜೀವಕೋಶಗಳು ಸಾಯುತ್ತವೆ. ಎರಡು ಮೂರು ದಿನದಲ್ಲಿ ಶುಗರ್ ಏರುತ್ತದೆ. ನೀರಿನ ಬಾಟಲಿ ಖಾಲಿ. ಬೆಳಿಗ್ಗೆ ಗೂಡಿನಲ್ಲಿ ಹಾಸಿದ ಹೊಟ್ಟು ಸಂಜೆಗೆ ಮೂತ್ರದಿಂದ ತೊಯ್ದು ತೊಪ್ಪೆ. ಕೆಲವೇ ದಿನ ಕಳೆದು ಕಿಡ್ನಿ ತೂಗಿದರೆ, ಶುಗರ್ ಇಲ್ಲದ ಇಲಿಯದಕ್ಕಿಂತ ಭಾರ. ಸೋಸುವ ಕೆಲಸ ಜಾಸ್ತಿಯಾಗಿ ಅದು ಹಿಗ್ಗಿರುತ್ತದೆ. ಆಗ ಕ್ರಿಯಾಟಿನಿನ್ ಏರಿರುವುದಿಲ್ಲ. ಕೆಲವು ವಾರಕ್ಕೆ ಮೂತ್ರದಲ್ಲಿ ಅಲ್ಬುಮಿನ್ ಸೋರುತ್ತದೆ, ನರಗಳಲ್ಲಿ ಸಂದೇಶ ಸಾಗುವ ವೇಗ ಇಳಿಯುತ್ತದೆ. ಇಲಿ ಮಾತ್ರ ತಿನ್ನುತ್ತಾ, ಓಡಾಡುತ್ತಾ ಇರುತ್ತದೆ. ಅದಕ್ಕೂ ಒಂದೂ ತ್ರಾಸಿಲ್ಲ!

"ಇಲಿ ಬೇರೆ, ಮನುಷ್ಯ ಬೇರೆ" ಅಂತ ಯಾರಾದರೂ ಬರ್ತೀರಿ. ನಿಜ, ಚುಚ್ಚಿ ತಂದ ಶುಗರ್ ಟೈಪ್ 1ಕ್ಕೆ (ಇನ್ಸುಲಿನ್ ಮಾಡುವ ಜೀವಕೋಶಗಳೇ ಸಾಯುವ ಬಗೆ) ಹತ್ತಿರ, ಕಾಕಾನದು ಟೈಪ್ 2 (ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಬಗೆ). ಆದರೆ 1986ರಲ್ಲಿ ಅಮೆರಿಕದ ಕಿಡ್ನಿ ತಜ್ಞ ಬ್ರೆನ್ನರ್ ಅವರ ತಂಡ ಶುಗರ್ ಇಲಿಗಳಿಗೆ ಎನಲಾಪ್ರಿಲ್ ಅನ್ನೋ ಬಿಪಿ ಮದ್ದು ಕೊಟ್ಟು ಕಿಡ್ನಿ ಹಾನಿ ತಡೆಯಬಹುದು ಅಂತ ತೋರಿಸಿತು. 1993ರಲ್ಲಿ ಅದೇ ಜಾತಿಯ ಕ್ಯಾಪ್ಟೊಪ್ರಿಲ್ ಟೈಪ್ 1 ಇರುವ ಮನುಷ್ಯರ ಕಿಡ್ನಿ ಕಾಪಾಡಿತು. 2001ರಲ್ಲಿ ಲೊಸಾರ್ಟನ್ ಅನ್ನೋ ಇನ್ನೊಂದು ಬಿಪಿ ಮದ್ದು ಟೈಪ್ 2 ಇರುವವರಲ್ಲೂ ಅದನ್ನೇ ಮಾಡಿತು. ಇನ್ನೇನು ಬೇಕು?

ಆ ಇಲಿಗಳನ್ನು ಕೊಂದ ಕೈ ನನ್ನದು. ರಾತ್ರಿ ಊಟ ಸೇರುತ್ತಿರಲಿಲ್ಲ. ಅವು ಪ್ರಾಣ ಕೊಟ್ಟು ಹೇಳಿದ ಮಾತು ನಮ್ಮೂರಿನ ಡಾಕ್ಟರ್ ಚೀಟಿಗಳಿಗೆ ಇನ್ನೂ ಬಂದಿಲ್ಲ ಅಂದರೆ ಸಿಟ್ಟು ಬರುತ್ತದೆ.

ಕಿಡ್ನಿಯ ಅರ್ಧದಷ್ಟು ಕೆಲಸ ಹೋಗುವವರೆಗೂ ಕ್ರಿಯಾಟಿನಿನ್ ನಾರ್ಮಲ್ ಬರಬಹುದು. ಅಲ್ಬುಮಿನ್ ಸೋರಿಕೆ ಮೊದಲೇ ಕಾಣುವುದು ಎಸಿಆರ್ (ಮೂತ್ರದಲ್ಲಿ ಕ್ರಿಯಾಟಿನಿನ್‌ಗೆ ಹೋಲಿಸಿ ಅಲ್ಬುಮಿನ್ ಎಷ್ಟಿದೆ ಅಂತ ಅಳೆಯುವುದು) ಅನ್ನೋ ಮೂತ್ರದ ಟೆಸ್ಟಿನಲ್ಲಿ. ಅದು 30 mg/g ದಾಟಿದರೆ ಇನ್ನೊಮ್ಮೆ ಮಾಡಿಸಿ ಖಾತ್ರಿ ಮಾಡಿಕೊಳ್ಳಬೇಕು. ಟೈಪ್ 2 ಆದರೆ ಶುಗರ್ ಗೊತ್ತಾದ ವರ್ಷದಿಂದಲೇ, ವರ್ಷಕ್ಕೊಮ್ಮೆ ಈ ಟೆಸ್ಟ್ ಮಾಡಿಸಬೇಕು. ಕಣ್ಣಿನ ಪರದೆಯನ್ನೂ ಹಾಗೇ ತೋರಿಸಬೇಕು.

ನಿಮ್ಮ ಅಪ್ಪ, ಅವ್ವ, ಕಾಕಾ ಯಾರದ್ದೇ ಇರಲಿ, ಫೈಲ್ ತೆಗೆದು ನೋಡಿ. ಎಸಿಆರ್ ಇಲ್ಲದಿದ್ದರೆ ಡಾಕ್ಟರ್ ಬರೆಯಲಿ ಅಂತ ಕಾಯಬೇಡಿ, ನೀವೇ ಕೇಳಿ.