ದೊಡ್ಡ ಸ್ವರ ಇದ್ರೆ ಸಾಕಾ?

ಟ್ರೈನರ್ ಆದವ್ರು ಎನರ್ಜಿ ತೋರಿಸ್ಲಿಕ್ಕೆ ದೊಡ್ಡ ಸ್ವರದಲ್ಲಿ ಮಾತಾಡ್ಬೇಕು ಅಂತ ನಿಮ್ಮ ಟ್ರೈನಿಂಗ್ ಟಿಪ್ಸಲ್ಲಿ ಬರ್ದಿದ್ದೀರಿ, ಅದೊಂದು ಮಾತ್ರ ಒಪ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ನಮ್ಮ ಉಡುಪಿ ಕಡೆ ಮಳೆಗಾಲದಲ್ಲಿ ತಾಳಮದ್ದಳೆಗೆ (ಯಕ್ಷಗಾನದ್ದೇ ಕೂತು ಮಾತಾಡುವ ರೂಪ) ಹೋಗಿ ಕೂತು ನೋಡಿ, ವೇಷ ಇಲ್ಲ ಕುಣಿತ ಇಲ್ಲ, ಪಾತ್ರದ ಮಾತಾಡುವ ಅರ್ಥಧಾರಿ ಕೂತಲ್ಲೇ ಕೂತು ಬರೀ ಮಾತಲ್ಲಿ ಗಂಟೆಗಟ್ಲೆ ಜನರನ್ನ ಹಿಡಿದಿಡ್ತಾರೆ, ಕೌರವನ ಗತ್ತಿಗೆ ಸ್ವರ ಏರಿಸ್ತಾರೆ, ಕೃಷ್ಣನ ಕೊಂಕಿಗೆ ಪಿಸುಮಾತಿನಷ್ಟು ಇಳಿಸ್ತಾರೆ, ಮಧ್ಯೆ ಒಮ್ಮೆ ಸುಮ್ನಾಗ್ತಾರೆ, ಆಗ ಸಭೆ ಇಡೀ ಕಿವಿ ಆಗ್ತದೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಹಳೇ ರೆಕಾರ್ಡಿಂಗ್ ಯೂಟ್ಯೂಬಲ್ಲಿ ಉಂಟು, ಕೇಳಿ.

ಇನ್ನೊಂದು ಎಂತ ಅಂದ್ರೆ ಸುಮಾರು ಜನ ವಾಕ್ಯದ ಕೊನೆಗೆ ಬರುವಾಗ ಉಸಿರು ಖಾಲಿ ಮಾಡ್ಕೊಳ್ತಾರೆ, ಕನ್ನಡದಲ್ಲಿ ಕ್ರಿಯಾಪದ ಇರುದೇ ಕೊನೆಗಲ್ವಾ. ಮೊನ್ನೆ ನಮ್ಮ ಆಫೀಸಿನ ಸೇಫ್ಟಿ ಟ್ರೈನಿಂಗಲ್ಲಿ (ಊಟ ಆದ್ಮೇಲಿನ ಸೆಶನ್ ಬೇರೆ, ಅರ್ಧ ಜನ ತೂಕಡಿಸ್ತಾ ಇದ್ರು) ಟ್ರೈನರ್ "ಮೇನ್ ಸ್ವಿಚ್ ಆಫ್..." ಅಂದು ಉಳಿದದ್ದನ್ನ ನುಂಗಿದ್ರು, ಮಾಡ್ಬೇಕಾ ಮಾಡ್ಬಾರ್ದಾ ಹಿಂದೆ ಕೂತವ್ರಿಗೆ ಗೊತ್ತೇ ಆಗ್ಲಿಲ್ಲ! ಮೈಕ್ ಸೌಂಡ್ ಜಾಸ್ತಿ ಮಾಡಿದ್ರೆ ಅದೆಲ್ಲ ಸರಿ ಆಗುದಿಲ್ಲ. ಉದ್ದ ವಾಕ್ಯದ ನಡುವೆ ಉಸಿರು ತಗೊಳ್ಳಿ, ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೊನೇ ಪದ ಕೇಳ್ತದಾ ಅಂತ ನೋಡಿ, ಉಳಿದ ಟಿಪ್ಸ್ ಎಲ್ಲ ಆಮೇಲೆ.