ಕನ್ನಡಿ ಎಲ್ಲಿಡೋಣ ಹೇಳ್ರೀ

ಹಳೇ ಸ್ಪೋರ್ಟ್ಸ್ ಕಾರು ಮಾಡಿದ ಪುಣ್ಯಾತ್ಮರಿಗೆ ಮುಂದಿನ ರಸ್ತೆ ಮೇಲೆ ಇದ್ದ ಪ್ರೀತಿ ಹಿಂದಿನ ರಸ್ತೆ ಮೇಲೆ ಇರ್ಲಿಲ್ಲ ಅನ್ಸುತ್ತೆ. ನಮ್ಮನೆಯವರು ತಂದು ನಿಲ್ಸಿರೋದು 1971ರ ಎಂಜಿಬಿ, ಕೆಂಪು ಬಣ್ಣ, ಎರಡು ಸೀಟು, ಮೇಲೆ ಬಟ್ಟೆ ಹುಡ್ಡು. ಹುಟ್ಟೂರು ಇಂಗ್ಲೆಂಡಿನ ಅಬಿಂಗ್ಡನ್, ನಾವಿರೋ ರೆಡಿಂಗ್‌ಗೂ ಅದಕ್ಕೂ ಹತ್ತತ್ರ ಮಂಡ್ಯ ಮೈಸೂರಿನಷ್ಟೇ ದೂರ. ಅಲ್ಲಿ 1962ರಿಂದ 1980ರ ತನಕ ಇಂಥವು 5 ಲಕ್ಷಕ್ಕೂ ಮೇಲೆ ತಯಾರಾಗಿವೆಯಂತೆ, ಇದನ್ನ ನಮ್ಮ ಮನೆಗೆ ಬಂದ ಪ್ರತಿಯೊಬ್ಬರಿಗೂ ಕಾಫಿ ಲೋಟ ಕೈಗೆ ಕೊಡೋಕೆ ಮುಂಚೆ ಹೇಳ್ತಾರೆ. ನಮ್ಮ ಪಾಲಿಗೆ ಬಂದದ್ದಕ್ಕೆ ಹಿಂದಿನ ಓನರ್ ಪೇಂಟ್ ಮಾಡಿಸುವಾಗ ಸೈಡ್ ಮಿರರ್ ತೆಗೆದು ತೂತುಗಳನ್ನ ಮುಚ್ಚಿಸಿಬಿಟ್ಟಿದ್ರು. ನೋಡೋಕೆ ಚೆಂದ, ಆದ್ರೆ ಹುಡ್ಡು ಹಾಕಿದ್ರೆ ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಳದಿ ತಿರುಗಿ ಒಳಗಿನ ಕನ್ನಡಿಯಲ್ಲಿ ಲಾರಿ ಯಾವ್ದು ಮೋಡ ಯಾವ್ದು ಗೊತ್ತಾಗಲ್ಲ. 1978ಕ್ಕೂ ಹಿಂದಿನ ಕಾರಿಗೆ ಇಲ್ಲಿ ಒಂದೇ ಕನ್ನಡಿ ಇದ್ರೂ ಕಾನೂನು ಸುಮ್ನಿರುತ್ತೆ, ನಾನು ಸುಮ್ನಿರಲಿಲ್ಲ. ಎಂ4 ಹೆದ್ದಾರಿ ಮೇಲೆ ಹಿಂದೆ ಏನು ಬರ್ತಿದೆ ಅಂತ ತಿಳಿಯದೆ ಲೇನ್ ಬದಲಾಯಿಸೋ ಮನುಷ್ಯನ ಪಕ್ಕ ನಾನು ಕೂರಲ್ಲ ಅಂದೆ.

ಸರಿ, ಕ್ರೋಮಿನ ದುಂಡನೆ ಜೋಡಿ ಕನ್ನಡಿ ಬಂತು. ಎಲ್ಲಿ ಹಾಕೋದು?

ಇವರಿಗೆ ಬಾನೆಟ್ ಪಕ್ಕದ ರೆಕ್ಕೆ ಮೇಲೆ, ದೀಪಗಳಿಗೆ ಹತ್ತಿರ ಬೇಕು. ಹಳೇ ಫೋಟೋದಲ್ಲೆಲ್ಲ ಹಾಗೇ ಇದೆ, ಜಪಾನಿನಲ್ಲಂತೂ 1983ರ ತನಕ ಅಲ್ಲೇ ಇರಬೇಕು ಅಂತ ರೂಲೇ ಇತ್ತು, ತಲೆ ತಿರುಗಿಸದೆ ಎರಡೂ ಕಾಣುತ್ತೆ ಅಂತೆಲ್ಲ ಭಾಷಣ. ಕಾಣುತ್ತೆ ನಿಜ, ಆದ್ರೆ ಅಷ್ಟು ದೂರದ ಅಂಗೈಯಗಲದ ಉಬ್ಬುಗಾಜಿನಲ್ಲಿ ಡಬಲ್ ಡೆಕ್ಕರ್ ಬಸ್ಸೂ ಬೆಂಕಿಪೊಟ್ಟಣ. ಅದೂ ಇರ್ಲಿ, ಕೂತಲ್ಲಿಂದ ಕೈ ಎಟಕಲ್ಲ. ಒಂಚೂರು ಅಲುಗಿದ್ರೂ ಯಾರಾದ್ರೂ ಇಳಿದು ಸರಿ ಮಾಡಬೇಕು. ಆ ಯಾರಾದ್ರೂ ಅಂದ್ರೆ ಯಾರು ಅಂತ ಬಿಡಿಸಿ ಹೇಳಬೇಕಾ.

ಡ್ರಿಲ್ ಹಾಕೋಕೆ ಮುಂಚೆ ಟ್ರಯಲ್ ಅಂತ ಶುರುವಾಯ್ತು. ಇವರು ಸೀಟಲ್ಲಿ ಬೆಲ್ಟ್ ಹಾಕ್ಕೊಂಡು ಮಹಾರಾಜರ ಥರ ಕೂರೋದು, ನಾನು ಹೊರಗೆ ಬಗ್ಗಿ ಕನ್ನಡಿ ಹಿಡ್ಕೊಂಡು ತೆವಳೋದು. "ಮುಂದೆ, ಇನ್ನೂ ಮುಂದೆ, ಹೋಲ್ಡಾನ್!" ಅಂತ ಸಾರಿಗೆ ಬಸ್ ಕಂಡಕ್ಟರ್ ಗಂಟಲು. "ಏನ್ರೀ ಕಾಣ್ತಿದೆ?" ಅಂದ್ರೆ, "ನಿನ್ನ ಸ್ವೆಟರ್ರು."

ಹಾಸನದಿಂದ ಬಂದಿದ್ದ ಅತ್ತೆ ಶಾಲು ಹೊದ್ದು ಬಾಗಿಲಲ್ಲಿ ನಿಂತು ಎಲ್ಲ ನೋಡ್ತಿದ್ರು. "ಮಗೂಗೆ ಕಿವಿ ಚುಚ್ಚೋ ಥರ ಕಣೋ ಇದು, ಎರಡೂ ಕಡೆ ಮೊದ್ಲು ಮಸಿಯಲ್ಲಿ ಚುಕ್ಕೆ ಇಟ್ಟು ಸಮ ಇದೆಯಾ ನೋಡು" ಅಂದ್ರು. ಮಾತು ಎಷ್ಟು ಸರಿ ಅನಿಸ್ತು ಆಗ! ಆದ್ರೆ ಕಾರು ಓಡಿಸೋರು ನಡುಮಧ್ಯೆ ಕೂರಲ್ವಲ್ಲ, ಬಲಗಡೆ ಕೂರ್ತಾರೆ. ಬಲಗಡೆ ಕನ್ನಡಿ ಬಾಗಿಲ ಮೇಲೆ, ಮುಂದಿನ ಆ ಮೂರುಮೂಲೆ ಪುಟ್ಟ ಕಿಟಕಿಯ ಕಂಬಿ ದಾಟಿ ಸ್ವಲ್ಪ ಹಿಂದಕ್ಕೆ ಇಟ್ರೆ ನೀಟಾಗಿ ಕಾಣುತ್ತೆ, ಮುಂದಕ್ಕೆ ಜರುಗಿಸಿದ್ರೆ ಕಂಬಿ ಸರಿಯಾಗಿ ನಡುವೆ ಬರುತ್ತೆ, ಪುಟ್ಟ ಕಿಟಕಿ ತೆಗೆದ್ರೆ ಅದೂ ಅಡ್ಡ. ಅದೇ ಅಳತೆ ಎಡಗಡೆ ತಗೊಂಡ್ರೆ ಪಕ್ಕದಲ್ಲಿ ಕೂತವರ ಮೂಗು ಬಿಟ್ಟು ಬೇರೇನೂ ಕಾಣಲ್ಲ. ಎಡಗಡೆದು ಇನ್ನಷ್ಟು ಮುಂದೆ ಹೋಗಬೇಕು. ಸಮ ಇರಬೇಕು ಅಂತ ಅತ್ತೆ, ಕಾಣಬೇಕು ಅಂತ ಮಗ. ಜಡ್ಜ್ ಸ್ಥಾನ ನನಗೆ ಬೇಡ ಅಂತ ಒಳಗೆ ಹೋಗಿ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಿದೆ.

ಅಷ್ಟರಲ್ಲಿ ಇವರು ಗೋಡೆಗೆ ಪೋಸ್ಟರ್ ಅಂಟಿಸೋ ನೀಲಿ ಅಂಟಲ್ಲಿ ಎರಡೂ ಕನ್ನಡಿ ಮೆತ್ತಿ, ಮೇಲೆ ಮಾಸ್ಕಿಂಗ್ ಟೇಪ್ ಸುತ್ತಿ, ಒಂದು ರೌಂಡ್ ಬರ್ತೀನಿ ಅಂತ ಹೊರಟೇಬಿಟ್ರು. ಬೀದಿ ಕೊನೇಲಿ ಹಂಪ್ ಇದೆ. ಇವರು ವಾಪಸ್ ಬಂದದ್ದು ಒಂದೇ ಕನ್ನಡಿ ಜೊತೆ, ಇನ್ನೊಂದು ನಾಯಿ ವಾಕಿಂಗ್ ಕರ್ಕೊಂಡು ಹೋಗ್ತಿದ್ದ ಒಬ್ಬ ಅಜ್ಜನ ಕೈಯಲ್ಲಿ ನಡ್ಕೊಂಡು ಬಂತು. ಅಜ್ಜ ಟೇಪಿನ ಬಾಲ ಹಿಡಿದು, ಇಲಿ ಎತ್ತಿಕೊಟ್ಟ ಹಾಗೆ ಕೊಟ್ಟು, ಕಾರು ತುಂಬಾ ಚೆನ್ನಾಗಿದೆ ಅಂದ್ರು. ಗಾಜು ಒಡೆದಿರಲಿಲ್ಲ. ಅತ್ತೆ ತಕ್ಷಣ ದೃಷ್ಟಿ ತೆಗೀಬೇಕು ಅಂತ ಮೆಣಸಿನಕಾಯಿ ಹುಡುಕೋಕೆ ಹೋದ್ರು.

"ನಿಮ್ಮಪ್ಪನ ಮಾರುತಿ 800ರಲ್ಲಿ ಎಡಗಡೆ ಕನ್ನಡಿ ಎಲ್ಲಿತ್ತೋ? ನಾನೇ ಕತ್ತು ಹೊರಗೆ ಹಾಕಿ ಬರ್ತಿದೆ, ಬರ್ತಿಲ್ಲ ಅಂತ ಹೇಳ್ತಿರ್ಲಿಲ್ವಾ" ಅಂದ್ರು ಆಮೇಲೆ ಹೊಗೆ ಮಧ್ಯೆ ಕೆಮ್ಮುತ್ತಾ. ಇವರು ನನ್ನ ಕಡೆ ಆಸೆಯಿಂದ ನೋಡಿದ್ರು. ಆ ಕೆಲಸಕ್ಕೆ ನಾನು ಇಲ್ಲ ಅಂತ ಮುಖದಲ್ಲೇ ಹೇಳಿದೆ.

ಕೊನೆಗೆ ಎರಡೂ ಬಾಗಿಲ ಮೇಲೇ ಅಂತಾಯ್ತು. ಎಡಗಡೆದು ನಾಲ್ಕು ಬೆರಳು ಮುಂದೆ, ಅತ್ತೆ ಆ ಕಡೆ ನೋಡೋದೇ ಬಿಟ್ರು. ಡ್ರಿಲ್ ಮಾಡುವಾಗ ಮಾತ್ರ ನಾನೇ ಪಕ್ಕ ನಿಂತೆ. ಕಿಟಕಿ ಗಾಜು ಕೆಳಗಿಳಿಸಿದ್ರೆ ಅದು ಬಾಗಿಲ ಹೊಟ್ಟೆಯೊಳಗೇ ಇರುತ್ತೆ ಅನ್ನೋದು ಅಂಗೈ ಹುಣ್ಣಿನಷ್ಟೇ ಸ್ಪಷ್ಟ, ಆದ್ರೂ ಇವರು ಗಾಜು ಪೂರ್ತಿ ಇಳಿಸಿ ಡ್ರಿಲ್ ಎತ್ತಿದ್ರು. "ರೀ, ಗಾಜು!" ಅಂತ ನಾನು ಕೂಗಿದ್ದು ಬಹುಶಃ ಅಬಿಂಗ್ಡನ್‌ಗೂ ಕೇಳಿಸಿರಬೇಕು. ಗಾಜು ಮೇಲೇರ್ತು, ಮೊದಲು ಸಣ್ಣ ಬಿಟ್, ಆಮೇಲೆ ದಪ್ಪದ್ದು, ತೂತಿನ ಅಂಚಿಗೆ ತುಕ್ಕು ಹಿಡಿಯದ ಹಾಗೆ ಪ್ರೈಮರ್, ಕೆಳಗೆ ರಬ್ಬರ್ ವಾಷರ್. ಕನ್ನಡಿ ಕೂತಿತು. ಇವರಿಗೆ ಹಿಂದಿನ ರಸ್ತೆ ಪೂರ್ತಿ ಕಾಣ್ತು, ಕಣ್ಣಲ್ಲಿ ನೀರು ಬರೋದೊಂದು ಬಾಕಿ.

ಮಾರನೇ ದಿನ ಟೌನಿಗೆ ನಾನು ಓಡಿಸ್ಕೊಂಡು ಹೋಗೋಣ ಅಂತ ಕೂತೆ. ಇವರು ಆರಡಿ, ನಾನು ಐದು ದಾಟಿದ್ದೇ ಹೆಚ್ಚು. ಬಲಗಡೆ ಕನ್ನಡೀಲಿ ಪಕ್ಕದ ಮನೆ ಚಿಮಣಿ, ಎಡಗಡೆದರಲ್ಲಿ ಬರೀ ಆಕಾಶ. ಎರಡನ್ನೂ ನನ್ನ ಕಣ್ಣಿಗೆ ತಕ್ಕ ಹಾಗೆ ಬಗ್ಗಿಸಿದೆ. ವಾಪಸ್ ಬಂದ ಮೇಲೆ ಇವರು ಕೂತು ನೋಡಿ, "ಏನೇ ಇದು, ಬರೀ ಟೈರ್ ಕಾಣ್ತಿದೆ" ಅಂತ ಗೋಳಾಡಿದ್ರು. ಬಲಗಡೆದು ಕೈಗೆ ಎಟಕುತ್ತೆ, ತಿರುಗಿಸ್ಕೊಂಡ್ರು. ಎಡಗಡೆದಕ್ಕೆ ನನ್ನ ಮುಖ ನೋಡಿದ್ರು. ಇಳಿದು ಹೋಗಿ ಸರಿ ಮಾಡ್ಕೊಳ್ಳಿ ಅಂದೆ, ನನ್ನ ಉಪ್ಪಿಟ್ಟು ಆರ್ತಿತ್ತು.