ನಮ್ಮ ಕಂಪ್ಯೂಟರಿನ ಬೇಸಿಗೆ ವೇಳಾಪಟ್ಟಿ

ಕಲಬುರಗಿಯಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಹೊರಗೆ 42 ಡಿಗ್ರಿ ಬಿಸಿಲು ಸುರಿಯುವಾಗ ಮನುಷ್ಯರಿಂದ ಇದಕ್ಕಿಂತ ಹೆಚ್ಚು ಕೆಲಸ ಹೊರಡುವುದಿಲ್ಲವೆಂಬುದನ್ನು ಸರ್ಕಾರವೇ ಒಪ್ಪಿಕೊಂಡಿದೆ. ಆ ಆದೇಶದ ಒಂದು ಪ್ರತಿ ನಮ್ಮ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರಿಗೂ ಹೇಗೋ ತಲುಪಿರಬೇಕೆಂಬ ಸಂಶಯ ನನಗೆ ಬಂದದ್ದು ಕಳೆದ ಏಪ್ರಿಲ್ ತಿಂಗಳಿನಲ್ಲಿ, ನಮ್ಮ ಬಡಾವಣೆಯ ಸಂಘದ ಸ್ಮರಣ ಸಂಚಿಕೆಗೆ ಬಂದ ಲೇಖನಗಳನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪು ಮಾಡುವ ಹೊಣೆಯನ್ನು, ನಿವೃತ್ತ ಮೇಷ್ಟ್ರು ಎಂಬ ಒಂದೇ ಅಪರಾಧಕ್ಕಾಗಿ, ನನ್ನ ತಲೆಗೆ ಕಟ್ಟಿದಾಗ.

ಅಧ್ಯಕ್ಷರ ಸಂದೇಶದ ಮೂರನೆಯ ವಾಕ್ಯದಲ್ಲಿ ಪರದೆ ಟಪ್ಪೆಂದು ಕಪ್ಪಾಯಿತು. ಎಚ್ಚರಿಕೆಯಿಲ್ಲ, ಕ್ಷಮಾಪಣೆಯಿಲ್ಲ, ‘ಸೇವ್ ಮಾಡಲೇ’ ಎಂಬ ಸೌಜನ್ಯದ ಪ್ರಶ್ನೆಯೂ ಇಲ್ಲ. ಮತ್ತೆ ಚಾಲೂ ಮಾಡಿದೆ; ಎರಡೇ ನಿಮಿಷದಲ್ಲಿ ಮತ್ತೆ ಆರಿತು. ಊಟ ಮಾಡಿ, ಒಂದು ನಿದ್ದೆ ತೆಗೆದು ಬಂದು ಚಾಲೂ ಮಾಡಿದರೆ ಕಾಲು ಗಂಟೆ ಓಡಿತು. ಮೂವತ್ತೆರಡು ವರ್ಷ ಹಾಜರಿ ಪುಸ್ತಕ ಬರೆದ ಕೈ ಸುಮ್ಮನಿರುವುದಿಲ್ಲವಾದ್ದರಿಂದ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಚಾಲೂ ಮಾಡಿದ ವೇಳೆ, ಆರಿದ ವೇಳೆ, ಷರಾ ಎಂಬ ಮೂರು ಅಂಕಣಗಳಲ್ಲಿ ದಾಖಲೆ ಇಡತೊಡಗಿದೆ. ಬೆಳಗ್ಗೆ 6 ಗಂಟೆಗೆ ಹಚ್ಚಿದರೆ 50 ನಿಮಿಷ, 11ಕ್ಕೆ ಹಚ್ಚಿದರೆ 20, ಮಧ್ಯಾಹ್ನ 2ಕ್ಕೆ ಹಚ್ಚಿದರೆ 7. ವಾರದ ಕೊನೆಗೆ ಈ ಅಂಕಿಗಳನ್ನೆಲ್ಲ ಮುಂದಿಟ್ಟುಕೊಂಡು, ಮಧ್ಯಾಹ್ನ ಊರಿನವರೆಲ್ಲ ಏರ್ ಕೂಲರ್ ಹಾಕುವುದರಿಂದ ವೋಲ್ಟೇಜ್ ಬೀಳುತ್ತದೆ, ಆದ್ದರಿಂದ ದೋಷವು ಯುಪಿಎಸ್‌ನದೇ ಎಂಬ ತೀರ್ಮಾನಕ್ಕೆ ಬಂದೆ.

ನನ್ನ ಹೆಂಡತಿ ಆ ಪಟ್ಟಿಯನ್ನು ಒಮ್ಮೆ ನೋಡಿ, “ಅಲ್ರೀ, ಬಿಸಿಲು ಏರಿದಷ್ಟು ಇದು ಲಗೂನ ಆರ್ಲಿಕತ್ತದ. ನೀವೇ ಬರೆದದ್ದು ನಿಮಗೇ ತಿಳಿವಲ್ದೇನು?” ಎಂದಳು. ತಾಂತ್ರಿಕ ವಿಷಯಗಳಲ್ಲಿ ಅವಸರದ ಅಭಿಪ್ರಾಯ ಸಲ್ಲದೆಂದು ನಾನು ಶಾಂತವಾಗಿ ವಿವರಿಸಿದೆ.

ಯುಪಿಎಸ್‌ನ 12 ವೋಲ್ಟ್ ಬ್ಯಾಟರಿಯನ್ನು ಬದಲಾಯಿಸಲಾಯಿತು. ಹೊಸ ಬ್ಯಾಟರಿಯ ಮೊದಲ ಮಧ್ಯಾಹ್ನ ಕಂಪ್ಯೂಟರ್ ಏಳನೆಯ ನಿಮಿಷಕ್ಕೆ ಸರಿಯಾಗಿ ಆರಿತು. ಅದೇ ಯುಪಿಎಸ್‌ಗೆ ಚುಚ್ಚಿದ್ದ ಇಂಟರ್‌ನೆಟ್ ಮೋಡೆಮ್ ಮಾತ್ರ ಮೊದಲಿನಿಂದಲೂ ಹಸಿರು ದೀಪ ಮಿನುಗಿಸುತ್ತ, ಯುಪಿಎಸ್‌ನ ಪರವಾಗಿ ಸಾಕ್ಷಿ ಹೇಳುತ್ತಲೇ ಇತ್ತು. ನಾನು ಆ ಸಾಕ್ಷಿಯನ್ನು ಒಮ್ಮೆಯೂ ಕಟಕಟೆಗೆ ಕರೆದಿರಲಿಲ್ಲ. ಬಳಿಕ ಬಂದ ರಿಪೇರಿಯವನು ರ‍್ಯಾಮ್ ಪಟ್ಟಿಯನ್ನು ಹೊರಗೆಳೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ. ಜೀವನವಿಡೀ ಮಕ್ಕಳ ತಪ್ಪುಗಳನ್ನು ರಬ್ಬರಿನಿಂದ ಅಳಿಸಿಸಿದ ನನಗೆ ಈ ಚಿಕಿತ್ಸೆಯ ಮೇಲೆ ಅಪಾರ ವಿಶ್ವಾಸ ಮೂಡಿತಾದರೂ ಕಂಪ್ಯೂಟರಿಗೆ ಮೂಡಲಿಲ್ಲ. ಕೊನೆಗೆ ಅವನು ವೈರಸ್ಸೆಂದು ತೀರ್ಪಿತ್ತು ಫಾರ್ಮ್ಯಾಟ್ ಮಾಡಲು ಕುಳಿತ. ವಿಂಡೋಸ್ ಇನ್‌ಸ್ಟಾಲ್ ಆಗುತ್ತಿರುವಾಗ, ಅರ್ಧ ದಾರಿಯಲ್ಲಿ, ಯಂತ್ರ ಮತ್ತೆ ಆರಿತು. ಖಾಲಿ ಡಿಸ್ಕಿನಲ್ಲಿ ಯಾವ ವೈರಸ್ ವಾಸವಾಗಿತ್ತೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ, ಮರುದಿನ ಬೆಳಗ್ಗೆ ತಂಪು ಹೊತ್ತಿನಲ್ಲಿ ಬಂದು ಇನ್‌ಸ್ಟಾಲ್ ಮುಗಿಸಿ, ದುಡ್ಡು ತೆಗೆದುಕೊಂಡು ಹೋದ.

ಅಷ್ಟರಲ್ಲಿ ಹೆಂಡತಿಯ ಅಭಿಪ್ರಾಯವನ್ನು, ಅದು ಅವಳದೆಂದು ಹೇಳದೆ, ನಾನು ಒಪ್ಪಿಕೊಂಡಿದ್ದೆ. ಕಿಟಕಿಯ ಏರ್ ಕೂಲರಿನ ಮುಖವನ್ನು ನೇರವಾಗಿ ಕಂಪ್ಯೂಟರಿನ ಕಡೆಗೆ ತಿರುಗಿಸಿದೆ. ನಮ್ಮ ಕಡೆಯ ಒಣ ಬಿಸಿಲಿಗೆ ಏರ್ ಕೂಲರ್ ನಿಜವಾದ ವರ. ಒದ್ದೆ ಹುಲ್ಲಿನ ಮೂಲಕ ಹಾಯುವ ಬಿಸಿ ಗಾಳಿ ನೀರನ್ನು ಆವಿ ಮಾಡುತ್ತ ತನ್ನ ಶಾಖವನ್ನು ಕಳೆದುಕೊಂಡು ಬರುತ್ತದೆ. ಗಾಳಿಯೇ ಒದ್ದೆಯಾಗಿರುವ ಮಂಗಳೂರಿನಲ್ಲಿ ಈ ಉಪಾಯ ನಡೆಯುವುದಿಲ್ಲವೆಂದು, ಅಲ್ಲಿಂದ ಬಂದ ಬೀಗರಿಗೆ ನಾನು ಪ್ರತಿ ವರ್ಷ ಹೆಮ್ಮೆಯಿಂದ ವಿವರಿಸುತ್ತೇನೆ. ಆ ವಾರ ಶಹಾಬಾದಿ ಪರಸಿಯ ಮೇಲೆ ನಾವಿಬ್ಬರೂ ಬೆವರುತ್ತ ಕುಳಿತೆವು, ಕಂಪ್ಯೂಟರ್ ತಂಪು ಗಾಳಿಯಲ್ಲಿ ಕುಳಿತಿತ್ತು, ಮತ್ತು ಮೊದಲಿಗಿಂತ ಬೇಗ ಆರುತ್ತಿತ್ತು.

ಮದುವೆಯೊಂದಕ್ಕೆಂದು ಬೆಂಗಳೂರಿನಿಂದ ಬಂದಿದ್ದ ನನ್ನ ತಂಗಿಯ ಮಗ ಒಂದು ಭಾನುವಾರ ಇದನ್ನೆಲ್ಲ ಕೇಳಿಸಿಕೊಂಡು, “ಮಾಮಾ, ಕೂಲರ್ ಕೆಟ್ಟಿರಬೇಕು,” ಎಂದ. ನಾನು ಕಿಟಕಿಯ ಕಡೆ ನೋಡಿದೆ. “ಅದಲ್ಲ ಮಾಮಾ, ಇದರ ಹೊಟ್ಟಿಯೊಳಗಿಂದು,” ಎಂದು ಅವನು ಕ್ಯಾಬಿನೆಟ್ಟಿನ ಬಳಿಗೆ ಹೋಗಿ, ಮೊದಲು ಅದರ ಕವರನ್ನು ತೆಗೆದ.

ಕವರಿನ ಬಗ್ಗೆ ಇಲ್ಲಿಯವರೆಗೆ ಹೇಳದೆ ಇದ್ದುದಕ್ಕೆ ಕಾರಣವೆಂದರೆ, ಅದು ಹೇಳಬೇಕಾದ ಸಂಗತಿಯೆಂದು ನಮಗೆ ಯಾರಿಗೂ ತೋಚಿರಲಿಲ್ಲ. ಕಂಪ್ಯೂಟರ್ ಬಂದ ವರ್ಷ ನನ್ನ ಹೆಂಡತಿ ದಪ್ಪ ಬಟ್ಟೆಯಲ್ಲಿ ಹೊಲಿದು, ಎರಡು ಗಿಣಿಗಳ ಕಸೂತಿ ಹಾಕಿದ ಕವರು ಅದು. ಧೂಳು ಬೀಳಬಾರದೆಂಬ ಕಾಳಜಿಯಿಂದ ಯಂತ್ರ ಓಡುವಾಗಲೂ ಅದನ್ನು ತೆಗೆಯುತ್ತಿರಲಿಲ್ಲ. ಗುಂಡಿ ಒತ್ತಲೆಂದು ಮುಂದೆ ಮಾತ್ರ ಒಂದು ಕಿಂಡಿ ಬಿಟ್ಟಿದ್ದಳು.

ಪಕ್ಕದ ತಗಡನ್ನು ಬಿಚ್ಚಿದಾಗ ಕಂಡದ್ದನ್ನು ಅವನು ಬಾಯಿಂದ ವರ್ಣಿಸದೆ, ಒಂದೊಂದಾಗಿ ಹೊರತೆಗೆದು ವೃತ್ತಪತ್ರಿಕೆಯ ಮೇಲೆ ಜೋಡಿಸಿದ. ಆ ಒಳಗಿನ ಕೂಲರಿನ ಫ್ಯಾನಿನ ಕೆಳಗೆ, ಅಲ್ಯೂಮಿನಿಯಂ ರೆಕ್ಕೆಗಳ ಸಂದುಗಳಲ್ಲಿ, ಕಂಬಳಿಯ ತುಂಡಿನಂಥ ಬೂದು ಪದರವಿತ್ತು. ನಮ್ಮ ಕಂಪ್ಯೂಟರ್ ಇರುವುದು ದೇವರ ಮಾಡದ ಪಕ್ಕದಲ್ಲಿ. ಊದುಬತ್ತಿಯ ಹೊಗೆಯ ಜಿಡ್ಡು ಧೂಳನ್ನು ಒಂದಕ್ಕೊಂದು ಅಂಟಿಸಿತ್ತು. ಅದರ ಮೇಲೆ ನನ್ನ ಏರ್ ಕೂಲರಿನ ಒದ್ದೆ ಗಾಳಿ ವಾರವಿಡೀ ಬಡಿದು, ಆ ಕಂಬಳಿಯನ್ನು ಗಿಲಾವು ಮಾಡಿತ್ತು. ಕೊನೆಯಲ್ಲಿ ಅವನು ಎಳೆದದ್ದು ಒಣಗಿದ ಸೇವಂತಿಗೆ ಎಸಳುಗಳನ್ನು. ಆಯುಧ ಪೂಜೆಯ ದಿನ ಕ್ಯಾಬಿನೆಟ್ಟಿಗೆ ವಿಭೂತಿ ಹಚ್ಚಿ, ಹಾರ ಹಾಕಿ, ಕಣ್ತುಂಬ ನೋಡೋಣವೆಂದು ಯಂತ್ರವನ್ನು ಚಾಲೂ ಮಾಡಿ ಇಟ್ಟಿದ್ದೆವು. ಅದು ಪ್ರಸಾದವನ್ನು ಮುಂದಿನ ಜಾಲರಿಯಿಂದಲೇ ಸ್ವೀಕರಿಸಿತ್ತು. ಹೆಂಡತಿ ನನ್ನ ಮುಖ ನೋಡಿದಳು. ಹಾರ ತಂದವನು ನಾನು, ಕವರು ಹೊಲಿದವಳು ಅವಳು. ವಾದ ಬೆಳೆಸುವುದರಿಂದ ಇಬ್ಬರಿಗೂ ಲಾಭವಿರಲಿಲ್ಲ.

ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿನ ಅಂಚೆಚೀಟಿಯಷ್ಟು ಜಾಗದಿಂದ ಸುಮಾರು 65 ವ್ಯಾಟ್ ಶಾಖ ಹೊರಡುತ್ತದೆಂದೂ, ಹಳೆಯ 60 ವ್ಯಾಟಿನ ಬಲ್ಬನ್ನು ಮುಟ್ಟಿ ನೋಡಿದವರಿಗೆ ಇದರ ಅರ್ಥ ಆಗುತ್ತದೆಂದೂ ಅಳಿಯ ಹೇಳಿದ. ಆ ಶಾಖ ಹೊರಗೆ ಹೋಗದಿದ್ದರೆ ಪ್ರೊಸೆಸರ್ ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಆಗಲೂ ತಾಳಲಾಗದೆ 100 ಡಿಗ್ರಿಯ ಆಸುಪಾಸಿಗೆ ಮುಟ್ಟಿದಾಗ, ಸುಟ್ಟುಹೋಗಬಾರದೆಂದು ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ನಾನು ‘ಕ’ ಒತ್ತಿದ ಎಷ್ಟೋ ಹೊತ್ತಿನ ಮೇಲೆ ಪರದೆಯಲ್ಲಿ ‘ಕ’ ಮೂಡುತ್ತಿದ್ದುದಕ್ಕೆ ಕಾರಣ ಅಧ್ಯಕ್ಷರ ಸಂದೇಶದ ಶೈಲಿಯಲ್ಲವೆಂದು ಆಗ ತಿಳಿಯಿತು.

ಬಣ್ಣದ ಕುಂಚದಿಂದಲೂ ಸೈಕಲ್ ಪಂಪಿನಿಂದಲೂ ಎಲ್ಲವನ್ನೂ ಸ್ವಚ್ಛ ಮಾಡಿದ ಅವನು, ಪ್ರೊಸೆಸರಿಗೂ ರೆಕ್ಕೆಗಳಿಗೂ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿ ಸುಣ್ಣವಾಗಿದೆಯೆಂದೂ, ಭಾನುವಾರವಾದ್ದರಿಂದ ಅಂಗಡಿ ತೆರೆದಿರುವುದಿಲ್ಲವೆಂದೂ, ಸೋಮವಾರ ತಂದು ನಾನೇ ಹಚ್ಚಬೇಕೆಂದೂ ಹೇಳಿ ರಾತ್ರಿಯ ರೈಲು ಹತ್ತಿದ. “ತೊಗರಿ ಕಾಳಿನಷ್ಟು ಸಾಕು ಮಾಮಾ,” ಎಂದು ಎರಡು ಸಲ ಹೇಳಿದ್ದ. ತೊಗರಿಯ ಕಣಜವೆನಿಸಿಕೊಂಡ ಜಿಲ್ಲೆಯಲ್ಲಿ ಹುಟ್ಟಿದವನು ಒಂದೇ ಕಾಳಿಗೆ ತೃಪ್ತನಾಗುವುದು ಹೇಗೆ? ಜೋಳದ ರೊಟ್ಟಿಗೆ ಬೆಣ್ಣೆ ಸವರಿದಂತೆ ಇಡೀ ಕೊಳವೆಯನ್ನು ಹಿಂಡಿ ಹಚ್ಚಿದೆ. ಎರಡು ಲೋಹಗಳ ನಡುವಿನ ಸೂಕ್ಷ್ಮ ಸಂದುಗಳನ್ನು ತುಂಬುವುದಷ್ಟೇ ಅದರ ಕೆಲಸವಂತೆ, ಹೆಚ್ಚಾದರೆ ಅದೇ ಅಡ್ಡಗೋಡೆಯಂತೆ. ಈ ‘ಅಂತೆ’ಗಳು ನನಗೆ ತಿಳಿದದ್ದು ಆಮೇಲೆ.

ಕೂಲರಿನ ನಾಲ್ಕು ಮೂಲೆಗಳ ಪ್ಲಾಸ್ಟಿಕ್ ಗೂಟಗಳನ್ನು ಒಂದೊಂದಾಗಿ ಒತ್ತಿದಾಗ ನಾಲ್ಕೂ ಟಕ್ ಎಂದವು. ಪ್ರತಿ ಗೂಟದ ತಲೆಯ ಮೇಲೆ ಒಂದು ಬಾಣದ ಗುರುತಿತ್ತು. ಬಾಣವಿದ್ದ ಮೇಲೆ ಆ ಕಡೆಗೆ ತಿರುಗಿಸಿ ಇನ್ನಷ್ಟು ಬಿಗಿ ಮಾಡಬೇಕೆಂಬುದು ಯಾರಿಗಾದರೂ ಹೊಳೆಯುವ ಮಾತೆಂದು ಎರಡನ್ನು ತಿರುಗಿಸಿದೆ. ಉಳಿದೆರಡಕ್ಕೆ ಬೆರಳು ಹೋಗಲಿಲ್ಲ. ಕಂಪ್ಯೂಟರ್ ಚಾಲೂ ಆಯಿತು, ಒಂದು ನಿಮಿಷವೂ ಆಗದೆ ಆರಿತು. ನೋಟ್‌ಬುಕ್ಕಿನ ಇತಿಹಾಸದಲ್ಲೇ ಅದು ಕನಿಷ್ಠ ದಾಖಲೆ.

ವಿಡಿಯೊ ಕರೆಯಲ್ಲಿ ಅಳಿಯ, ಯಂತ್ರದ ಒಳಗಿನ ಸ್ಥಿತಿ ತೋರಿಸುವ ಬಯೋಸ್ ಪುಟ ತೆರೆಯಿಸಿದ. ಪ್ರೊಸೆಸರಿನ ಉಷ್ಣಾಂಶ 81, 88, 94 ಎಂದು ನಮ್ಮ ಕಣ್ಣೆದುರಿನಲ್ಲೇ ಏರತೊಡಗಿತು. ಕೂಡಲೇ ಸ್ವಿಚ್ ಆರಿಸಿ ಫೋನನ್ನು ಗೂಟಗಳ ಹತ್ತಿರ ಹಿಡಿದೆ. ಬಹಳ ಹೊತ್ತು ಸುಮ್ಮನಿದ್ದು ಅವನು, “ಮಾಮಾ, ಆ ಬಾಣ ಬಿಚ್ಚಲಿಕ್ಕೆ,” ಎಂದ. ಹೆಚ್ಚಾದ ಪೇಸ್ಟನ್ನು ಒರೆಸಿ, ಗೂಟಗಳನ್ನು ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಒತ್ತಿ ಕೂರಿಸಿದ ಮೇಲೆ, ಉಷ್ಣಾಂಶ 52ಕ್ಕೆ ಬಂದು ನಿಂತಿತು. ಮಧ್ಯಾಹ್ನ 2 ಗಂಟೆಗೆ ಹಚ್ಚಿದ ಯಂತ್ರ ರಾತ್ರಿಯ ಊಟದವರೆಗೂ ಓಡಿತು, ಮತ್ತು ಅಧ್ಯಕ್ಷರ ಸಂದೇಶ ಕೊನೆಗೂ ಮುಗಿಯಿತು.

ಕಂಪ್ಯೂಟರನ್ನು ಈಗ ದೇವರ ಮಾಡದಿಂದ ದೂರಕ್ಕೆ, ಗೋಡೆಯಿಂದ ಒಂದು ಗೇಣು ಮುಂದಕ್ಕೆ ಇಟ್ಟಿದ್ದೇವೆ. ಗಿಣಿಗಳ ಕವರನ್ನು ಬಿಸಾಡಲು ಹೆಂಡತಿಗೆ ಮನಸ್ಸಾಗಲಿಲ್ಲ. ಅದನ್ನು ಅಳತೆಗೆ ಕತ್ತರಿಸಿ, ಅಂಚು ಮಡಿಚಿ ಹೊಲಿದು, ಯುಪಿಎಸ್‌ಗೆ ತೊಡಿಸಿದ್ದಾಳೆ. ನಿನ್ನೆಯಿಂದ ಯುಪಿಎಸ್ ಆಗಾಗ ಕುಂಯ್ ಎನ್ನುತ್ತಿದೆ. ಹೊಸ ನೋಟ್‌ಬುಕ್ಕೊಂದರಲ್ಲಿ ಗೆರೆ ಎಳೆದು ವೇಳೆ ಬರೆದುಕೊಳ್ಳುತ್ತಿದ್ದೇನೆ.